ಮೂವತ್ತೊಂದು ತೇಪೆಗಳ ಅಂಗಿ

ಭಾನುವಾರ, ಬೆಳಗಿನ ಆರು ಗಂಟೆ. ಓಕ್‌ಲ್ಯಾಂಡಿನ ಚೈನಾಟೌನ್‌ನಲ್ಲಿ ತರಕಾರಿ ಅಂಗಡಿಗಳ ಶಟರುಗಳು ಇನ್ನೂ ಮೇಲೆದ್ದಿಲ್ಲ. ಬಾಡಿಗೆಗೆ ಹಿಡಿದ ಸಭಾಂಗಣವೊಂದರ ಹಿಂಭಾಗದಲ್ಲಿ, ಒಂದೇ ಟ್ಯೂಬ್‌ಲೈಟಿನ ಕೆಳಗೆ, ಅರವತ್ನಾಲ್ಕು ವರ್ಷದ ವೀರಣ್ಣ ಸಿಂಪಿ ನೆಲಕ್ಕೆ ಬಿಳಿ ಬೆಡ್‌ಶೀಟು ಹಾಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಕೆಂಪು ರೇಷ್ಮೆಯ ನಿಲುವಂಗಿ ಹರಡಿದೆ. ಅದರ ತೋಳಿನ ತುದಿಗೆ ಮೊಳಕ್ಕಿಂತ ಉದ್ದದ ತೆಳು ಬಿಳಿ ಬಟ್ಟೆಯೊಂದನ್ನು ಹೊಂದಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಹೊಲಿಗೆ ಹಾಕುತ್ತಿದ್ದಾರೆ.

“ಇದನ್ನ ನೀರತೋಳು ಅಂತ ಕರೀತಾರ್ರಿ. ಪಾತ್ರಧಾರಿ ಕೈ ಬೀಸಿದ್ರ ನೀರ ಹರದ್ಹಂಗ ಹೋಗಬೇಕು. ಆಟ ಮುಗದ ಮ್ಯಾಲ ಬಿಚ್ಚಿ ಒಗೀಬೇಕು, ಮುಂದಿನ ಆಟಕ್ಕ ಮತ್ತ ಹಚ್ಚಬೇಕು. ಅಂಗಿ ಮಾತ್ರ ನೀರ ಕಾಣಂಗಿಲ್ಲ” ಎನ್ನುತ್ತಾರೆ, ದಾರವನ್ನು ಹಲ್ಲಿನಲ್ಲಿ ಕಡಿಯುತ್ತ. ಈ ದಿನದ ಆಟಕ್ಕೆ ಇಪ್ಪತ್ತೆಂಟು ತೋಳುಗಳು. ಹತ್ತೊಂಬತ್ತನ್ನು ನಿನ್ನೆಯೇ ಮುಗಿಸಿದ್ದಾರೆ. ಒಂಬತ್ತು ಉಳಿದಿವೆ. ಎಂಟು ಗಂಟೆಗೆ ಪಾತ್ರಧಾರಿಗಳು ಮುಖಕ್ಕೆ ಬಣ್ಣ ಹಚ್ಚಿಕೊಳ್ಳಲು ಬರುತ್ತಾರೆ. ಹನ್ನೊಂದಕ್ಕೆ ಗಂಟೆ, ತಾಳ ಶುರುವಾಗುತ್ತವೆ.

ಚೀನಾದ ದಕ್ಷಿಣ ಕರಾವಳಿಯ ಜನ ಹಾಡಿ, ಕುಣಿದು, ಕತ್ತಿ ತಿರುವಿ ಆಡುವ ಈ ಸಂಗೀತ ನಾಟಕ ಕ್ಯಾಲಿಫೋರ್ನಿಯಾಕ್ಕೆ ಬಂದು ಒಂದೂವರೆ ಶತಮಾನ ದಾಟಿದೆ. ಚಿನ್ನದ ಗಣಿಗೆ, ರೈಲು ಹಳಿಯ ಕೆಲಸಕ್ಕೆ ಬಂದ ಕೂಲಿಗಳ ಬೆನ್ನಿಗೇ ನಾಟಕದವರೂ ಹಡಗು ಹತ್ತಿದರು. ಆ ಬಳ್ಳಿಯಲ್ಲಿ ಉಳಿದ ಹಳೆಯ ತಂಡಗಳಲ್ಲೊಂದು ಚುನ್‌ತೊಯ್ ಸಂಘ. ಅದರ ಹನ್ನೊಂದು ಪೆಟ್ಟಿಗೆ ಉಡುಪುಗಳನ್ನು ನೋಡಿಕೊಳ್ಳುತ್ತಿರುವವರು ಮಾತ್ರ ಗದಗಿನವರು. ಕರಪತ್ರದಲ್ಲಿ ಅವರ ಹೆಸರಿಲ್ಲ. ಆಟದ ಕೊನೆಗೆ ಎಲ್ಲರೂ ವೇದಿಕೆಗೆ ಬಂದು ಕೈ ಮುಗಿಯುವ ಹೊತ್ತಿನಲ್ಲಿ ಅವರು ಒಳಗೆ ಬೆವರಿನ ಅಂಗಿಗಳನ್ನು ಹ್ಯಾಂಗರಿಗೆ ಹಾಕುತ್ತಿರುತ್ತಾರೆ.

ವೀರಣ್ಣನವರ ತಂದೆ ಗದಗಿನಲ್ಲಿ ಕಂಪನಿ ನಾಟಕಗಳಿಗೆ ಉಡುಪು ಹೊಲಿಯುತ್ತಿದ್ದರು. ರಾಜನ ಕೋಟು, ರಾಣಿಯ ಜರಿ ಕುಪ್ಪಸ, ದೂತರ ಪಟ್ಟಿ ಚೊಣ್ಣ, ಎಲ್ಲವೂ ಅವರದೇ ಕೈಯವು. “ಅಪ್ಪಂದು ಒಂದ ಮಾತ್ರಿ. ರಾಜನ ಅಂಗಿ ಹರದಿದ್ರ ಮರ್ಯಾದಿ ಹೋಗೂದು ರಾಜಂದಲ್ಲ, ಹೊಲದಾಂವಂದು ಅಂತಿದ್ದ. ಹರದದ್ದು ಕಣ್ಣಿಗೆ ಬಿದ್ರ ನಂಗ ಕೈ ಸುಮ್ನ ಇರೂದಿಲ್ಲ. ಆ ಚಟಾನ ನನ್ನ ತಿಂತು” ಎಂದು ವೀರಣ್ಣ ನಗುತ್ತಾರೆ. ಆ ನಗುವಿನಲ್ಲಿ ನಗು ಕಡಿಮೆ. ಯಾಕೆಂದು ತಿಳಿಯಲು ನಾನು ಇನ್ನೂ ಎರಡು ಗಂಟೆ ಕಾಯಬೇಕಾಯಿತು.

ಪತ್ನಿ ಶರಣವ್ವ ನರ್ಸು. ಇಪ್ಪತ್ತೊಂದು ವರ್ಷಗಳ ಹಿಂದೆ ಅವರಿಗೆ ಸ್ಯಾನ್ ಹೋಸೆಯಲ್ಲಿ ಕೆಲಸ ಸಿಕ್ಕಾಗ ವೀರಣ್ಣ ಗದಗಿನ ಅಂಗಡಿಗೆ ಬೀಗ ಹಾಕಿ, ಆರು ವರ್ಷದ ಮಗಳು ತೇಜಸ್ವಿನಿಯ ಕೈ ಹಿಡಿದು ಹೊರಟರು. ಆ ಊರಿನ ಬೆರ್ರಿಯೆಸಾ ಬಡಾವಣೆಯ ಡ್ರೈಕ್ಲೀನಿಂಗ್ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಹೊಲಿಗೆ ಮಷಿನು ಹಿಡಿದರು. ಪ್ಯಾಂಟು ಗಿಡ್ಡ ಮಾಡುವುದು, ಜಿಪ್ಪು ಬದಲಿಸುವುದು, ಮದುವೆಯ ಗೌನಿನ ಸೊಂಟ ಹಿಡಿಯುವುದು. ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಬಟ್ಟೆ. ಇವತ್ತಿಗೂ ವಾರದ ಐದು ದಿನ ಅದೇ ಕೋಣೆ, ಅದೇ ಸ್ಟೂಲು.

ಕ್ವಾನ್ ಸಿಯುಲಾನ್ ಎಂಬ ಅಜ್ಜಿ ಬಂದದ್ದು ಆ ಅಂಗಡಿಗೇ. ೨೦೦೯ರ ಬೇಸಿಗೆ. ಮಗನ ಮನೆ ಅಂಗಡಿಯ ಸಮೀಪದಲ್ಲಿತ್ತು, ಅಲ್ಲಿಗೆ ಬಂದಿದ್ದರು. ದಿಂಬಿನ ಚೀಲದಲ್ಲಿ ಸುತ್ತಿ ತಂದದ್ದನ್ನು ಕೌಂಟರಿನ ಮೇಲೆ ಬಿಚ್ಚಿದರು. ಹಳದಿ ರೇಷ್ಮೆ, ಅದರ ಎದೆಯ ತುಂಬ ಚಿನ್ನದ ಎಳೆಯ ಡ್ರ್ಯಾಗನ್. ಒಂದು ಕಡೆ ಎಳೆ ಎದ್ದು ಜೋತಾಡುತ್ತಿತ್ತು. ಕ್ವಾನ್ ಆಗ ಎಪ್ಪತ್ತಾರರವರು, ಚುನ್‌ತೊಯ್ ಸಂಘದ ಉಡುಪು ನೋಡಿಕೊಳ್ಳುವವರು. ಕಣ್ಣಿಗೆ ಪೊರೆ ಬಂದು ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಅದಕ್ಕೂ ಮೊದಲು ಮೂರು ಅಂಗಡಿಯವರು ಇದು ನಮ್ಮಿಂದಾಗದು ಎಂದು ವಾಪಸು ಕಳಿಸಿದ್ದರು.

“ಆ ಜರಿ ನೋಡಿದ ಕೂಡಲೇ ನಂಗ ಅಪ್ಪನ ಅಂಗಡಿ ವಾಸನಿ ಬಂದ್ಹಂಗಾತ್ರಿ. ಚಿನ್ನದ ಎಳಿ ಬಟ್ಟಿ ಒಳಗ ಹೋಗಬಾರ್ದು, ಮ್ಯಾಲ ಮಲಗಬೇಕು. ಬ್ಯಾರೆ ಸಣ್ಣ ದಾರದ್ಲೆ ಅದನ್ನ ಹಿಡದು ಕೂಡಿಸಬೇಕು. ನಮ್ಮಲ್ಲೂ ಹಂಗ ಮಾಡ್ತಿದ್ವಿ. ಅಕಿ ಮುಂದನ ಒಂದ ಗೇಣು ಹೊಲದು ತೋರಿಸಿದ್ನಿ. ಬೆರಳಿಲೆ ಸವರಿ ನೋಡಿದ್ಳು. ಮರುವಾರ ಹತ್ತ ಅಂಗಿ ತಂದ್ಳು.”

ಹೀಗೆ ಭಾನುವಾರದ ಕೆಲಸ ಶುರುವಾಯಿತು. ಕ್ವಾನ್ ಅವರಿಗೆ ಇಂಗ್ಲಿಷು ನಾಲ್ಕು ಮಾತು, ವೀರಣ್ಣನವರಿಗೆ ಕ್ಯಾಂಟನೀಸು ಒಂದೂ ಇಲ್ಲ. ವೀರಣ್ಣ ಅವರನ್ನು “ಆಯಿ” ಎಂದು ಕರೆದರು. ಅದು ತನ್ನ ಹೆಸರೇ ಇರಬೇಕು ಎಂಬಂತೆ ಅವರೂ ಓಗೊಟ್ಟರು. ಪಾಠವೆಲ್ಲ ಕೈಸನ್ನೆಯಲ್ಲಿ. ತಪ್ಪಾದರೆ ಮಣಿಕಟ್ಟಿನ ಮೇಲೊಂದು ಸಣ್ಣ ಏಟು.

ಉಡುಪಿನ ಪೆಟ್ಟಿಗೆಯ ಮೇಲೆ ಯಾರೂ ಕೂರುವಂತಿಲ್ಲ, ವಿದೂಷಕನ ಪಾತ್ರಧಾರಿಯೊಬ್ಬನನ್ನು ಬಿಟ್ಟು. ಹಿಂದೆ ಚಕ್ರವರ್ತಿಯೊಬ್ಬ ತಾನೇ ವಿದೂಷಕನ ವೇಷ ಹಾಕಿದ್ದನಂತೆ, ಅಂದಿನಿಂದ ಆ ಪಾತ್ರಕ್ಕೆ ಎಲ್ಲಿ ಬೇಕಾದರೂ ಕೂರುವ ಹಕ್ಕು. ರಂಗದ ಹಿಂದೆ ಕೊಡೆ ಬಿಚ್ಚುವಂತಿಲ್ಲ. ಅವರ ಭಾಷೆಯಲ್ಲಿ ಕೊಡೆ ಎಂಬ ಮಾತಿಗೂ ಚದುರಿಹೋಗು ಎಂಬ ಮಾತಿಗೂ ಒಂದೇ ಉಚ್ಚಾರ, ತಂಡ ಚದುರಬಾರದು. ಮೊದಲ ಮಳೆಗಾಲದಲ್ಲಿ ವೀರಣ್ಣ ಒದ್ದೆ ಕೊಡೆಯನ್ನು ಒಣಗಲೆಂದು ಮೂಲೆಯಲ್ಲಿ ಅರಳಿಸಿಟ್ಟಾಗ ಅರ್ಧ ಮುಖಕ್ಕೆ ಬಣ್ಣ ಹಚ್ಚಿದ್ದ ಐದಾರು ಮಂದಿ ಒಟ್ಟಿಗೆ ಕಿರುಚಿದ್ದರಂತೆ. ಮೂಲೆಯ ಪುಟ್ಟ ಪೀಠದಲ್ಲಿ ನಾಟಕದವರ ಕುಲದೈವ ವಾ ಕ್ವಾಂಗ್. ಪಾತ್ರಧಾರಿಗಳು ಬರುವ ಮೊದಲೇ ಅಲ್ಲಿ ಊದುಬತ್ತಿ ಹಚ್ಚಿರಬೇಕು. ಅದು ಈಗ ವೀರಣ್ಣನವರ ಕೆಲಸ.

ಒಗೆಯಲಾಗದ ರೇಷ್ಮೆಯ ಬೆವರು ವಾಸನೆ ಹೋಗಲು ಮದ್ಯ ಚಿಮುಕಿಸಬೇಕು. ಹುಟ್ಟಿನಿಂದ ಅದರ ಹನಿ ಮುಟ್ಟದ ವೀರಣ್ಣ ಗ್ರೋಸರಿ ಅಂಗಡಿಯಿಂದ ವೊಡ್ಕಾ ತಂದ ದಿನವನ್ನು, ಇವತ್ತು ಜೊತೆಗೇ ಬಂದಿರುವ ಶರಣವ್ವ ಮರೆತಿಲ್ಲ. “ಅಡಗಿಮನಿ ಕಟ್ಟಿ ಮ್ಯಾಲ ಬಾಟ್ಲಿ ಇಟ್ಟು ಸ್ಪ್ರೇ ಡಬ್ಬಿ ಎಲ್ಲೈತಿ ಅಂತ ಕೇಳಿದ್ರು. ನಾ ಡ್ಯೂಟಿ ಮುಗಿಸಿ ಬಂದಿದ್ನಿ, ತಲಿ ತಿರಗಿತು ನೋಡ್ರಿ” ಎನ್ನುತ್ತಾರೆ.

ವೀರಣ್ಣನವರ ನಗು ಕಡಿಮೆಯಾಗುವುದು ಮೊದಲನೇ ಪೆಟ್ಟಿಗೆಯ ಹತ್ತಿರ ಬಂದಾಗ. ಅದರೊಳಗೆ ಚಕ್ರವರ್ತಿಯ ಹಳದಿ, ಮಂತ್ರಿಗಳ ಕೆಂಪು, ರಾಣಿಯ ಹಕ್ಕಿಕಸೂತಿಯ ನಿಲುವಂಗಿಗಳಿವೆ. ಆದರೆ ಎಲ್ಲಕ್ಕಿಂತ ಮೇಲೆ ಮಡಿಸಿಟ್ಟಿರುವುದು ಭಿಕ್ಷುಕನ ಪಾತ್ರದ ತೇಪೆ ಹಚ್ಚಿದ ಕಪ್ಪು ಅಂಗಿ. ಅದಕ್ಕೆ ನಾಟಕದವರು ಇಟ್ಟ ಹೆಸರು ಸಿರಿಯ ಅಂಗಿ. ಕಥೆಗಳಲ್ಲಿ ಈ ಅಂಗಿ ತೊಟ್ಟವನು ಕೊನೆಗೆ ಪರೀಕ್ಷೆ ಗೆದ್ದು ದೊಡ್ಡ ಅಧಿಕಾರಿಯಾಗುತ್ತಾನೆ. ಹಾಗಾಗಿ ಚಕ್ರವರ್ತಿಯ ಅಂಗಿಯೂ ಇದರ ಕೆಳಗೇ ಇರಬೇಕು. ಇದು ಎಲ್ಲ ತಂಡಗಳ ರೂಢಿ. ಚುನ್‌ತೊಯ್‌ನವರಿಗೆ ಇದರ ಜೊತೆ ತಮ್ಮದೇ ಇನ್ನೊಂದು ರೂಢಿ ಇತ್ತು. ಅದನ್ನು ವೀರಣ್ಣನವರಿಗೆ ಯಾರೂ ಹೇಳಿರಲಿಲ್ಲ.

೨೦೧೩ರ ಜನವರಿ. ಚೀನೀ ವರ್ಷದ ಕೊನೆಯ ಪ್ರದರ್ಶನ ಮುಗಿದಿತ್ತು. ಆ ಪ್ರದರ್ಶನದ ನಂತರ ಪೆಟ್ಟಿಗೆಗಳಿಗೆ ಕೆಂಪು ಕಾಗದದ ಪಟ್ಟಿ ಅಂಟಿಸಿ ಮುಚ್ಚುತ್ತಾರೆ, ಹೊಸ ವರ್ಷ ಹುಟ್ಟಿದ ಮೇಲೆ ಎಲ್ಲರ ಮುಂದೆ ತೆರೆಯುತ್ತಾರೆ. ಕ್ವಾನ್ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡು ಆಸ್ಪತ್ರೆ ಸೇರಿದ್ದರು. ಪೆಟ್ಟಿಗೆ ಮುಚ್ಚುವ ಜವಾಬ್ದಾರಿ ಮೊದಲ ಬಾರಿಗೆ ವೀರಣ್ಣನವರೊಬ್ಬರ ಮೇಲೆ ಬಿತ್ತು.

“ನಾಕ ವರ್ಷದಿಂದ ಆ ಅಂಗಿ ನೋಡ್ತಿದ್ನಿ. ಮೂವತ್ತೊಂದು ತ್ಯಾಪಿ. ಒಂದೊಂದು ಒಂದೊಂದ ಬಟ್ಟಿ, ಒಂದೊಂದ ದಾರ. ಹೊಲಿಗಿ ಅಂದ್ರ, ಸಣ್ಣ ಹುಡುಗೂರು ಹಾಕಿದ್ಹಂಗ. ಅರ್ಧ ಕಿತ್ತ ಜೋತಾಡ್ತಿದ್ವು. ಎಲ್ಲಾ ಅಂಗಿ ನಾ ಸರಿ ಮಾಡೀನಿ, ಇದೊಂದ ಹಿಂಗ ಐತಿ, ಆಯಿ ಬರೂದ್ರಾಗ ಮಾಡಿಟ್ರ ಖುಷಿ ಪಡ್ತಾಳು ಅಂತ ಮನಿಗೆ ತಂದ್ನಿ.”

ನಾಲ್ಕು ದಿನ ಕೂತು ಮೂವತ್ತೊಂದೂ ತೇಪೆಗಳನ್ನು ಬಿಚ್ಚಿದರು. ಕಪ್ಪು ಬಟ್ಟೆಗೆ ಹೊಸ ಅಸ್ತರು ಕೊಟ್ಟರು. ಅಂಗಡಿಯಲ್ಲಿ ಉಳಿದ ಚೂರುಗಳಿಂದ ಬಣ್ಣ ಹೊಂದಿಸಿ ಅದೇ ಜಾಗಗಳಲ್ಲಿ ಹೊಸ ತೇಪೆ ಕೂರಿಸಿದರು, ಒಂದು ಹೊಲಿಗೆಯೂ ಕಾಣದಂತೆ. ಅಂಗಿಯನ್ನು ಮತ್ತೆ ಪೆಟ್ಟಿಗೆಯಲ್ಲಿಟ್ಟು ಕೆಂಪು ಪಟ್ಟಿ ಅಂಟಿಸಿದರು. ಹಳೆಯ ಚೂರುಗಳು ಅಪಾರ್ಟ್‌ಮೆಂಟಿನ ಕಸದ ಡಬ್ಬಿಗೆ ಹೋದವು. ಬುಧವಾರ ಕಸದ ಲಾರಿ ಬಂತು.

ಹೊಸ ವರ್ಷದ ದಿನ ಕ್ವಾನ್ ಗಾಲಿಕುರ್ಚಿಯಲ್ಲಿ ಬಂದರು. ಇಪ್ಪತ್ತಕ್ಕೂ ಹೆಚ್ಚು ಮಂದಿ ಸುತ್ತ ನಿಂತಿದ್ದರು. ಕೆಂಪು ಕಾಗದ ಹರಿದು ಮೊದಲನೇ ಪೆಟ್ಟಿಗೆ ತೆರೆದು, ಮೇಲಿನ ಅಂಗಿಯ ಮೇಲೆ ಅಂಗೈ ಇಟ್ಟರು. ಮತ್ತೆ ಮತ್ತೆ ಸವರಿದರು. ತಿರುವಿ ಹಾಕಿ ಬೆನ್ನಿನ ಕಡೆ ಸವರಿದರು.

“ಶಹಬ್ಬಾಸ್ ಅಂತಾರ ಅಂತ ಮಾರಿ ಅರಳಿಸ್ಕೊಂಡ ನಿಂತಿದ್ನಿ ನಾ. ಮಂದಿ ಮಾರಿ ನೋಡಿದ ಮ್ಯಾಲ ಗೊತ್ತಾತು, ಏನೋ ಆಗೈತಿ.”

ಏನಾಗಿದೆ ಎಂದು ಹೇಳಿದ್ದು ಮೇ ಫಾಂಗ್. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅವರು ತಂಡದ ಮುಖ್ಯ ಗಾಯಕಿ. ಇಲ್ಲಿ ಗಂಡು ಪಾತ್ರವನ್ನೂ ಹೆಣ್ಣುಮಕ್ಕಳು ಮಾಡುತ್ತಾರೆ. ಮೇ ದಳಪತಿಯ ಪಾತ್ರಕ್ಕೆ ಹೆಸರಾದವರು. ಅಂದು ಅವರು ವೀರಣ್ಣನವರನ್ನು ಪಕ್ಕಕ್ಕೆ ಕರೆದು ಇಂಗ್ಲಿಷಿನಲ್ಲಿ, ಒಂದೊಂದೇ ಮಾತು ಬಿಡಿಸಿ ಹೇಳಿದರು. ಸಂಘದವರು ಯಾರಾದರೂ ತೀರಿಕೊಂಡರೆ ಅವರ ಬಟ್ಟೆಯಿಂದ ಒಂದು ಚೂರು ಕತ್ತರಿಸಿ ಆ ಅಂಗಿಗೆ ಹಚ್ಚುತ್ತಿದ್ದರು. ಉಳಿದವರೆಲ್ಲ ಒಬ್ಬೊಬ್ಬರು ಒಂದೊಂದು ಹೊಲಿಗೆ ಹಾಕುತ್ತಿದ್ದರು. ಅಡುಗೆಯವರು, ಲಾಂಡ್ರಿಯವರು, ಹೊಲಿಗೆ ಬಾರದ ಕೈಗಳು. ಅದಕ್ಕೇ ಆ ಹೊಲಿಗೆಗಳು ಹಾಗಿದ್ದವು. ಎಲ್ಲಕ್ಕಿಂತ ಹಳೆಯ ಚೂರು ತೊಂಬತ್ತು ವರ್ಷದ ಹಿಂದಿನದು. ಎಡ ತೋಳಿನ ಕೆಳಗಿನ ನೀಲಿ ಪಟ್ಟೆಯ ಚೂರು ಕ್ವಾನ್ ಅವರ ಗಂಡನದು. ಅವರು ತಂಡದ ವಿದೂಷಕರಾಗಿದ್ದರು. ಯಾವ ಚೂರು ಯಾರದೆಂದು ಎಲ್ಲೂ ಬರೆದಿಟ್ಟಿರಲಿಲ್ಲ. ಪೂರ್ತಿ ಬಲ್ಲವರು ಕ್ವಾನ್ ಒಬ್ಬರೇ. ಕಣ್ಣು ಮಂಜಾದ ಮೇಲೂ ಬೆರಳಿನಲ್ಲಿ ಮುಟ್ಟಿ ಗುರುತಿಸುತ್ತಿದ್ದರು.

ವೀರಣ್ಣ ಅಂದು ನಡುಮಧ್ಯಾಹ್ನವೇ ಮನೆಗೆ ಓಡಿದರು. ಅಪಾರ್ಟ್‌ಮೆಂಟಿನ ಕಸದ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದರು. ಕಸ ಸಾಗಿಸುವ ಕಂಪನಿಗೆ ಫೋನು ಮಾಡಿದರು. ಮಗಳು ತೇಜಸ್ವಿನಿಗೆ ಆಗ ಹದಿನೈದು. ಈಗ ಇಲ್ಲೇ ಹತ್ತಿರದ ನೆವಾರ್ಕಿನಲ್ಲಿ ಎಂಜಿನಿಯರು. ಈ ದಿನ ಅಪ್ಪನನ್ನು ಕಾರಿನಲ್ಲಿ ಬಿಡಲು ಬಂದವರು ಅದನ್ನು ತಮ್ಮದೇ ಕನ್ನಡದಲ್ಲಿ ನೆನೆಯುತ್ತಾರೆ: “ಅಪ್ಪ ಅಳೋದು ನಾನ್ ಫಸ್ಟ್ ಟೈಮ್ ನೋಡಿದ್ದು. ನಾನು ಮನೇಲಿರೋ ಹೊಲಿಗೆ ಮಷಿನ್ ಕೆಳಗೆ ಫ್ಲ್ಯಾಶ್‌ಲೈಟ್ ಹಾಕಿ ಹುಡುಕ್ದೆ. ಟು ಪೀಸಸ್ ಸಿಕ್ತು. ಜಸ್ಟ್ ಟು.”

ಒಂದು ಕಂದು, ಒಂದು ಹಸಿರು. ಕ್ವಾನ್ ಬೆರಳಿನಲ್ಲಿ ಮುಟ್ಟಿ ಎರಡು ಹೆಸರು ಹೇಳಿದರು. ಒಬ್ಬ ಕೊಳಲಿನವ, ಒಬ್ಬ ಹೋಟೆಲಿನ ಅಡುಗೆಯವ. ಗಂಡನ ಚೂರು ಅವುಗಳಲ್ಲಿ ಇರಲಿಲ್ಲ. ಎರಡನ್ನೂ ಮತ್ತೆ ಅಂಗಿಗೆ ಹಚ್ಚಿದರು, ಎಲ್ಲರೂ ಒಂದೊಂದು ಹೊಲಿಗೆ ಹಾಕಿ. ಉಳಿದ ಇಪ್ಪತ್ತೊಂಬತ್ತು ಜಾಗಗಳಲ್ಲಿ ವೀರಣ್ಣನವರ ಅಂದದ ತೇಪೆಗಳು ಹಾಗೇ ಇವೆ.

ಮರುದಿನ ವೀರಣ್ಣ, ಶರಣವ್ವ ಇಬ್ಬರೂ ಕ್ವಾನ್ ಅವರ ಮನೆಗೆ ಹೋದರು. ಮಾತು ತಿಳಿಸಿಕೊಡಲು ಯಾರೂ ಇರಲಿಲ್ಲ. ವೀರಣ್ಣ ಬಗ್ಗಿ ಕಾಲು ಮುಟ್ಟಿದಾಗ ಕ್ವಾನ್ ಗಾಬರಿಯಾಗಿ ಕಾಲು ಹಿಂದಕ್ಕೆಳೆದುಕೊಂಡರು. “ಸಾರಿ, ಆಯಿ” ಎಂದಷ್ಟೇ ಹೇಳಲು ವೀರಣ್ಣನವರಿಗೆ ಸಾಧ್ಯವಾಯಿತು. ಅದಕ್ಕೆ ಅವರು ತಮ್ಮ ಭಾಷೆಯಲ್ಲಿ ಒಂದು ಸಣ್ಣ ಮಾತು ಹೇಳಿ ಚಹಾ ಬಸಿದು ಕೊಟ್ಟರು.

“ಆ ಮಾತಿನ್ಯಾಗ ಬೊವ್ ಅಂತ ಒಂದ ಶಬ್ದ ಇತ್ರಿ. ಅಷ್ಟ ನೆನಪೈತಿ. ಆಮ್ಯಾಲ ಗೊತ್ತಿದ್ದವ್ರನ್ನ ಕೇಳೀನಿ. ಅವರ ಭಾಷಾದಾಗ ರಾಗ ಬದಲಾದ್ರ ಅರ್ಥ ಬದಲಾಕ್ಕೈತಿ. ಬೊವ್ ಅಂದ್ರ ಬಟ್ಟಿ ಅಂತಾರ. ತ್ಯಾಪಿ ಹಚ್ಚೂದಕ್ಕೂ ಹಂಗ ಅಂತಾರ. ನಿಧಿ ಅನ್ನೂದಕ್ಕೂ ಅದ. ಹೋಗ್ಲಿ ಬಿಡು, ಬರೇ ಬಟ್ಟಿ ಅಂದ್ಳೊ, ಇನ್ನ ತ್ಯಾಪಿ ಹಚ್ಚಾಕ ಬರೂದಿಲ್ಲ ಅಂದ್ಳೊ, ನಿಧಿ ಕಳದಿ ಅಂದ್ಳೊ!”

“ನಕ್ಕೋತ ಹೇಳಿದ್ರು. ನಾ ನೋಡೀನಿ” ಎನ್ನುತ್ತಾರೆ ಶರಣವ್ವ.

“ನಕ್ಕಿರಲಿಲ್ಲ” ಎನ್ನುತ್ತಾರೆ ವೀರಣ್ಣ. ಹನ್ನೆರಡು ವರ್ಷದಿಂದ ಈ ಒಂದು ವಿಷಯದಲ್ಲಿ ಗಂಡ ಹೆಂಡತಿಗೆ ಒಮ್ಮತವಿಲ್ಲ.

ಮುಂದಿನ ಭಾನುವಾರ ಹೋಗುವುದೋ ಬೇಡವೋ ಎಂದು ವೀರಣ್ಣ ಒದ್ದಾಡುತ್ತಿದ್ದಾಗ ಬೆಳಗ್ಗೆಯೇ ಕ್ವಾನ್ ಅವರ ಮಗನ ಫೋನು ಬಂತು: ಯಾಕಿನ್ನೂ ಬಂದಿಲ್ಲ ಎಂದು ಅಮ್ಮ ಕೇಳುತ್ತಿದ್ದಾರೆ. ಹೋದರು. ಅಂದು ಕ್ವಾನ್ ವೀರಣ್ಣನವರಿಗೆ ಕವಚ ಕಟ್ಟುವುದನ್ನು ಕಲಿಸಿದರು. ಅದು ಉಡುಪಿನವರ ವಿದ್ಯೆಯಲ್ಲೇ ಕಠಿಣವಾದದ್ದು. ದಳಪತಿಯ ಬೆನ್ನಿಗೆ ನಾಲ್ಕು ಬಾವುಟಗಳನ್ನು ಹಗ್ಗದಿಂದ ಬಿಗಿಯಬೇಕು. ಸಡಿಲವಾದರೆ ಕುಣಿಯುವಾಗ ವಾಲುತ್ತವೆ, ಅತಿಯಾದರೆ ಹಾಡುವವರ ಉಸಿರು ಕಟ್ಟುತ್ತದೆ. ಹಳೆಯ ಮಾತನ್ನು ಕ್ವಾನ್ ಮತ್ತೆ ಎತ್ತಲಿಲ್ಲ. ಮಣಿಕಟ್ಟಿನ ಮೇಲೆ ಹೊಡೆಯುವುದನ್ನೂ ಬಿಡಲಿಲ್ಲ.

ನಾಲ್ಕು ವರ್ಷ ಹಾಗೆ ನಡೆಯಿತು. ೨೦೧೭ರ ವಸಂತದಲ್ಲಿ ಕ್ವಾನ್ ನಿದ್ದೆಯಲ್ಲೇ ತೀರಿಕೊಂಡರು.

“ನಾಕ ವರ್ಷ ಅಕಿ ನನ್ನ ಬಾಜೂಕ ಕೂತಿದ್ಳು. ಮೂವತ್ತೊಂದೂ ಹೆಸರು ಅಕಿ ತಲಿಯಾಗಿದ್ವು. ಮೇ ಅವರನ್ನ ಕರಕೊಂಡು, ಒಂದ ಕಾಗದ ಇಟಗೊಂಡು ಕೇಳಿದ್ರ ಒಂದ ಮಧ್ಯಾಹ್ನದಾಗ ಮುಗೀತಿತ್ತು. ಕೇಳಲಿಲ್ಲ. ಕೇಳಿದ್ರ ಹಳೇ ಗಾಯ ಕೆದರಿದಂಗ ಆಕ್ಕೈತಿ ಅಂತ ಅಂಜಿದ್ನಿ. ತ್ಯಾಪಿ ಕಳದದ್ದು ತಿಳೀಲಾರದ ಆದ ತಪ್ಪು. ಹೆಸರು ಕಳದದ್ದು ತಿಳಿದೂ ತಿಳಿದು ಆದದ್ರಿ. ನಂಗ ನಿದ್ದಿ ಕೆಡಿಸೂದು ಎರಡನೇದು.”

ಇನ್ನೊಂದು ತಪ್ಪನ್ನು ಅವರು ಕೇಳದೆಯೇ ಹೇಳುತ್ತಾರೆ. ಕ್ವಾನ್ ಅವರ ಬೂದು ಬಣ್ಣದ ಏಪ್ರನ್ನಿನಿಂದ ಚೂರು ಕತ್ತರಿಸಿ ಅಂಗಿಗೆ ಹಚ್ಚುವ ದಿನ ಎಲ್ಲರೂ ಒಂದೊಂದು ಹೊಲಿಗೆ ಹಾಕಿದರು. ಸೂಜಿ ವೀರಣ್ಣನವರ ಮುಂದೆ ಬಂದಾಗ ಅವರು ಕೈ ಕಟ್ಟಿ ನಿಂತರು. ತನಗೆ ಆ ಯೋಗ್ಯತೆ ಇಲ್ಲ ಎಂದುಕೊಂಡರಂತೆ. ಮೇ ಎರಡು ಸಲ ಒತ್ತಾಯಿಸಿದರು. ಆಮೇಲೆ ಸೂಜಿ ಮುಂದಿನವರ ಕೈಗೆ ಹೋಯಿತು. “ಅಕಿ ತ್ಯಾಪಿ ಮ್ಯಾಲ ಎಲ್ಲಾರ ಹೊಲಿಗಿ ಐತಿ, ನಂದಿಲ್ಲ. ಹೊಲಿಯೂದ ಬಿಟ್ಟು ನಂಗ ಬ್ಯಾರೆ ಏನ್ ಬರ್ತಿತ್ರಿ ಅಕಿಗೆ ಕೊಡಾಕ?”

ಬಣ್ಣ ಹಚ್ಚಿಕೊಳ್ಳುತ್ತಲೇ ನಮ್ಮ ಮಾತು ಗಮನಿಸುತ್ತಿದ್ದ ಮೇ, ಏನು ಹೇಳುತ್ತಿದ್ದಾರೆ ಎಂದು ನನ್ನನ್ನು ಕೇಳುತ್ತಾರೆ. ಹೇಳಿದೆ. ಅವರು ಇಂಗ್ಲಿಷಿನಲ್ಲಿ ಹೇಳಿದ್ದಿಷ್ಟು: “ನಮಗೂ ತಪ್ಪಿದೆ. ನಾಲ್ಕು ವರ್ಷ ಅವನಿಂದ ಕೆಲಸ ಮಾಡಿಸಿಕೊಂಡೆವು, ಅಂಗಿಯ ಕಥೆ ಹೇಳಬೇಕು ಅನ್ನಿಸಲಿಲ್ಲ. ನಮ್ಮವನಲ್ಲ ಎಂದು ಎಲ್ಲೋ ಇತ್ತು. ಹೇಳಿದ್ದರೆ ಇದು ಆಗುತ್ತಿರಲಿಲ್ಲ.”

ಕ್ವಾನ್ ತೀರಿಕೊಂಡಂದಿನಿಂದ ವೀರಣ್ಣ ಹೆಸರು ಹುಡುಕುತ್ತಿದ್ದಾರೆ. ಹಳೆಯ ಕರಪತ್ರಗಳು, ಸಮಾಧಿಯ ಕಲ್ಲುಗಳು, ತಂಡ ಬಿಟ್ಟು ಬೇರೆ ಊರಿಗೆ ಹೋದವರ ಮಕ್ಕಳು. ಶನಿವಾರಗಳಲ್ಲಿ ಮೇ ಜೊತೆಗಿರುತ್ತಾರೆ. ಕಳೆದುಹೋದ ಇಪ್ಪತ್ತೊಂಬತ್ತರಲ್ಲಿ ಎಂಟು ವರ್ಷಕ್ಕೆ ಹದಿನೇಳು ಸಿಕ್ಕಿವೆ. ಖಚಿತವಾದ ಒಂದೊಂದು ಹೆಸರನ್ನೂ ಸಿರಿಯ ಅಂಗಿಯ ಅಸ್ತರಿನ ಮೇಲೆ, ಆ ತೇಪೆಯ ಹಿಂಬದಿಗೆ, ಕೆಂಪು ದಾರದಲ್ಲಿ ಚೀನೀ ಅಕ್ಷರಗಳಲ್ಲಿ ಹೊಲಿಯುತ್ತಾರೆ. ಅಕ್ಷರದ ಗೆರೆಗಳನ್ನು ಯಾವುದಾದ ಮೇಲೆ ಯಾವುದು ಎಂದು ಮೊದಲು ಕಾಗದದ ಮೇಲೆ ಕಲಿಯುತ್ತಾರೆ, ನೂರು ಸಲವಾದರೂ ಬರೆದು. ವಿದೂಷಕನ ಹೆಸರು ಎಡ ತೋಳಿನ ಕೆಳಗಿದೆ. ಅವರಿಗೆ ಓದಲು ಬರುವ ಚೀನೀ ಭಾಷೆ ಅಷ್ಟೇ, ಸತ್ತವರ ಹೆಸರುಗಳು.

ತಂಡವೂ ಕರಗುತ್ತಿದೆ. ಕೋವಿಡ್ ಬಂದಾಗ ಎರಡು ವರ್ಷ ಪೆಟ್ಟಿಗೆಗಳ ಕೆಂಪು ಕಾಗದ ಹರಿಯಲಿಲ್ಲ. ತೆರೆದಾಗ ಇಪ್ಪತ್ತಾರರಲ್ಲಿ ಒಂಬತ್ತು ಮಂದಿ ಉಳಿದಿದ್ದರು. ಈಗ ವರ್ಷಕ್ಕೆರಡು ಪ್ರದರ್ಶನ, ಹಾಡಲು ಬೇರೆ ಸಂಘಗಳಿಂದ ಅತಿಥಿಗಳು. ಅವರು ತರುವ ಉಡುಪು ಆನ್‌ಲೈನಿನಲ್ಲಿ ಕೊಂಡದ್ದು, ತೋಳಿಗೆ ವೆಲ್ಕ್ರೋ. ಹೊಲಿಗೆಯೂ ಬೇಡ, ಹೊಲಿಯುವವರೂ ಬೇಡ. ವೀರಣ್ಣ ಅದನ್ನು ದೂರುವುದಿಲ್ಲ. “ಚರ್‌ರ್ ಅಂತ ಸಪ್ಪಳ ಬರ್ತೈತಿ, ಅಷ್ಟ” ಎನ್ನುತ್ತಾರೆ.

ಹನ್ನೊಂದಕ್ಕೆ ಗಂಟೆ ಬಾರಿಸುತ್ತದೆ. ವೀರಣ್ಣ ಮೇ ಅವರ ಬೆನ್ನಿಗೆ ಮೊಣಕಾಲು ಕೊಟ್ಟು ಹಗ್ಗ ಎಳೆಯುತ್ತಾರೆ. ಇಬ್ಬರೂ ಒಟ್ಟಿಗೆ ಉಸಿರೆಳೆದು ಬಿಡುತ್ತಾರೆ. ಗಂಟು ಬಿದ್ದ ಮೇಲೆ ಮೇ ಭುಜ ಕುಣಿಸಿ ನೋಡಿ ತಲೆಯಾಡಿಸಿ ಬೆಳಕಿಗೆ ಹೋಗುತ್ತಾರೆ. ಪಕ್ಕದ ಪರದೆಯ ಸಂದಿಯಿಂದ ವೀರಣ್ಣ ನೋಡುವುದು ಮುಖವನ್ನಲ್ಲ, ನಾಲ್ಕು ಬಾವುಟಗಳನ್ನು. ಮೇ ಮೂರು ಸುತ್ತು ತಿರುಗಿ ನಿಂತಾಗ ಬಾವುಟಗಳೂ ಒಂದೇ ಸಲಕ್ಕೆ ನಿಲ್ಲುತ್ತವೆ. ಇನ್ನೂರು ಕುರ್ಚಿಯ ಸಭಾಂಗಣದಲ್ಲಿ ಅರವತ್ತು ಮಂದಿ ಚಪ್ಪಾಳೆ ತಟ್ಟುತ್ತಾರೆ.

ಮಧ್ಯಂತರದಲ್ಲಿ ವೀರಣ್ಣ ಕೈ ತೊಳೆದು, ತಲೆ ಬಾಚಿ, ಒಂದು ಲಕೋಟೆ ಹಿಡಿದು ಸಭಾಂಗಣಕ್ಕೆ ಇಳಿಯುತ್ತಾರೆ. ಮೊದಲ ಸಾಲಿನಲ್ಲಿ ಮಿಸೆಸ್ ಯೀ ಎಂಬ ತೊಂಬತ್ಮೂರು ವರ್ಷದ ಹಿರಿಯರು ಗಾಲಿಕುರ್ಚಿಯಲ್ಲಿದ್ದಾರೆ. ಬಾಲಕಿಯಾಗಿದ್ದಾಗ ಈ ತಂಡದಲ್ಲಿ ಹಾಡುತ್ತಿದ್ದವರು. ಈಗ ಮಾರ್ಗನ್ ಹಿಲ್‌ನ ವೃದ್ಧರ ನಿವಾಸದಲ್ಲಿ ಇರುವುದು ಹೋದ ತಿಂಗಳಷ್ಟೇ ಗೊತ್ತಾಯಿತು. ಮೊಮ್ಮಗಳು ಕರೆತಂದಿದ್ದಾಳೆ.

ಲಕೋಟೆಯಲ್ಲಿ ೧೯೭೮ರ ಕಪ್ಪು ಬಿಳುಪು ಫೋಟೋವೊಂದರ ದೊಡ್ಡ ಪ್ರತಿಯಿದೆ. ಭಿಕ್ಷುಕನ ಪಾತ್ರಧಾರಿ ಸಿರಿಯ ಅಂಗಿ ತೊಟ್ಟು ನಿಂತಿದ್ದಾನೆ. ತೇಪೆಗಳು ಬೂದು ಬಣ್ಣದ ಚೌಕಗಳಾಗಿ ಕಾಣುತ್ತವೆ. ವೀರಣ್ಣ ನೆಲಕ್ಕೆ ಮೊಣಕಾಲೂರಿ ಫೋಟೋವನ್ನು ಅವರ ತೊಡೆಯ ಮೇಲಿಡುತ್ತಾರೆ. ಮುಖದ ಬಣ್ಣದಲ್ಲೇ ಬಂದ ಮೇ ಕ್ಯಾಂಟನೀಸಿನಲ್ಲಿ ವಿವರಿಸುತ್ತಾರೆ. ಮಿಸೆಸ್ ಯೀ ಬಹಳ ಹೊತ್ತು ನೋಡುತ್ತಾರೆ. ತಲೆಯಲ್ಲಾಡಿಸುತ್ತಾರೆ. ವೀರಣ್ಣ ಫೋಟೋ ತೆಗೆದುಕೊಳ್ಳಲು ಕೈ ಚಾಚಿದಾಗ ಅವರು ಬಿಡುವುದಿಲ್ಲ. ಹೊಟ್ಟೆಯ ಮೇಲಿನ ಚೌಕಳಿಯ ತೇಪೆಯೊಂದಕ್ಕೆ ಬೆರಳಿಟ್ಟು ಏನೋ ಹೇಳುತ್ತಾರೆ.

ಮೇ ಅನುವಾದಿಸುತ್ತಾರೆ. ಈ ಚೌಕಳಿ ಅಂಗಿಯವನು ಪರದೆ ಎಳೆಯುತ್ತಿದ್ದ. ಹೆಸರು ನೆನಪಿಲ್ಲ. ಆದರೆ ಪ್ರತಿ ಆಟಕ್ಕೂ ಕಾಗದದ ಪೊಟ್ಟಣದಲ್ಲಿ ಬಿಸಿ ಬಿಸಿ ಕುದಿಸಿದ ಶೇಂಗಾ ತರುತ್ತಿದ್ದ, ಮಕ್ಕಳಿಗೆಲ್ಲ ಹಂಚುತ್ತಿದ್ದ.

ಇನ್ನೇನಾದರೂ? ಇಲ್ಲ. ಅಷ್ಟೇ. ಮಿಸೆಸ್ ಯೀ ಕಣ್ಣು ಮುಚ್ಚಿದ್ದಾರೆ. ಅಜ್ಜಿಗೆ ದಣಿವಾಯಿತು ಎನ್ನುತ್ತಾಳೆ ಮೊಮ್ಮಗಳು.

ಹಿಂದಿನ ಕೋಣೆಗೆ ಮರಳುವಾಗ ನಾನು ಸಮಾಧಾನಕ್ಕೆಂಬಂತೆ ಏನೋ ಹೇಳಲು ಹೋಗುತ್ತೇನೆ: ಹೆಸರು ಸಿಗಲಿಲ್ಲವಲ್ಲ ಎಂದು. ವೀರಣ್ಣ ತಡೆಯುತ್ತಾರೆ.

“ಹೆಸರು ಸಿಗಲಿಲ್ಲ, ಖರೆ. ಹನ್ನೆರಡು ಮಂದಿ ಉಳದಾರ. ಎಲ್ಲಾರೂ ಸಿಗ್ತಾರ ಅನ್ನೂ ಆಸೆ ನಂಗಿಲ್ರಿ, ನಂಗೂ ವಯಸ್ಸಾತು. ಆದ್ರ ಇವತ್ತ ಮುಂಜಾನಿ ತನಾ ಅಲ್ಲಿ ಬರೇ ನನ್ನ ತ್ಯಾಪಿ ಇತ್ತು. ಈಗ ಒಬ್ಬ ಮನಷ್ಯಾ ಬಂದು ನಿಂತಾನ.”

ಮೇ ಅವರ ಮುಂದಿನ ಉಡುಪನ್ನು ಕೈಗೆತ್ತಿಕೊಂಡು, ತೋಳಿನ ಹೊಲಿಗೆಯನ್ನು ಎಳೆದು ಪರೀಕ್ಷಿಸುತ್ತ, ಶೇಂಗಾ ಎಂದು ಚೀನೀ ಭಾಷೆಯಲ್ಲಿ ಹೇಗೆ ಬರೆಯುತ್ತಾರೆ ಎಂದು ಅವರನ್ನು ಕೇಳುತ್ತಾರೆ. ಎರಡು ಅಕ್ಷರ ಎಂದು ಮೇ ಬೆರಳು ತೋರಿಸುತ್ತಾರೆ.

“ಎರಡ ಏನ್ರಿ? ಹಂಗಾರ ಈ ವಾರದಾಗ ಕಲೀತೀನಿ” ಎನ್ನುತ್ತಾರೆ ವೀರಣ್ಣ.